ಶಟರ್ ಮೇಲೇಳದ ಬೆಳಿಗ್ಗೆ

ಕಾರ್ ಶೆಡ್ಡಿನ ಶಟರ್ ಇವತ್ತು ಬೆಳಿಗ್ಗೆ ಮೇಲೇಳಲೇ ಇಲ್ಲ. ಸ್ವಿಚ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ಅಷ್ಟೇ. ಸದ್ದು ಬಂದ ಮೇಲೆ ಕರೆಂಟ್ ಇದೆ ಅಂತಾಯಿತಲ್ವಾ. ಹಾಗಂತ ಒತ್ತುತ್ತಲೇ ಇದ್ದರೆ ಮೋಟಾರ್ ಸುಟ್ಟುಹೋಗುತ್ತದೆ. ಕೈಯಿಂದ ಚೈನ್ ಎಳೆದೆ. ಬಲಗಡೆ ಸ್ವಲ್ಪ ಎದ್ದಿತು, ಎಡಗಡೆ ಜಪ್ಪಯ್ಯ ಅನ್ನಲಿಲ್ಲ.

ಪಕ್ಕದ ಮನೆಯ ಅಣ್ಣ ಮಲ್ಪೆಯಲ್ಲಿ ಬೋಟ್ ಮೆಕ್ಯಾನಿಕ್. "ಜೋರು ಮಾಡಬೇಡಿ ಮಾರಾಯ್ರೆ, ಪಟ್ಟಿ ಬೆಂಡಾಗ್ತದೆ" ಅಂತ ಓಡಿ ಬಂದರು. ಟಾರ್ಚ್ ಹಿಡಿದು ನೋಡಿದರೆ, ಶಟರ್ ಜಾರುವ ಎಡಗಡೆ ಚಾನೆಲ್‌ನ ಬುಡದಲ್ಲಿ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಪಟ್ಟಿಯನ್ನು ಕಚ್ಚಿ ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಕಾದು, ತಂತಿ ಬ್ರಷ್‌ನಿಂದ ಉಜ್ಜಿದೆವು. ಶಟರ್ ಎದ್ದಿತು.

ಕಡಲ ಉಪ್ಪುಗಾಳಿಯ ಜೊತೆಗೆ ಇಲ್ಲಿನ ಮಳೆ, ಕಬ್ಬಿಣ ಎಷ್ಟು ಅಂತ ತಾಳೀತು! ಆದರೂ ಈ ಗಾಳಿ ಬಿಟ್ಟು ಬೇರೆ ಕಡೆ ಇರಲು ನನಗೆ ಮನಸ್ಸಿಲ್ಲ.

ಮೇಲಿನ ಪೈಪ್ ಒಳಗಿನ ಸ್ಪ್ರಿಂಗ್ ಮಾತ್ರ ಯಾರೂ ಸುಮ್ನೆ ಬಿಚ್ಚಬೇಡಿ. ಸುತ್ತಿಟ್ಟ ಬಿಗಿ ಒಮ್ಮೆಲೇ ಬಿಟ್ಟರೆ ಕೈ ಮುರಿಯುತ್ತದೆ. ಅದು ಶಟರ್‌ನವರ ಕೆಲಸ. ಚಾನೆಲ್‌ಗೆ ಗ್ರೀಸ್ ಮೆತ್ತಿದರೆ ಮರಳು ಅಂಟುತ್ತದೆ, ಸಿಲಿಕಾನ್ ಸ್ಪ್ರೇ ಸಾಕು. ಮೇ ತಿಂಗಳಲ್ಲೇ ಹೊಡೆದಿಡಿ.