ಹದಿನಾರು ಖಾನೆಗಳಿಗೆ ಸಿಗದ ಸ್ವಭಾವ

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯರನ್ನು ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿದ್ದಲ್ಲದೆ, ಅವರು ವಿಷಯವನ್ನು ಇಂದ್ರಿಯಗಳಿಂದ ಗ್ರಹಿಸುತ್ತಾರೋ ಒಳನೋಟದಿಂದಲೋ, ತರ್ಕದಿಂದ ತೀರ್ಮಾನಿಸುತ್ತಾರೋ ಭಾವದಿಂದಲೋ ಎಂಬುದನ್ನೂ ವಿವೇಚಿಸಿದರು. ಇದನ್ನು ಆಧರಿಸಿಯೇ ಅಮೆರಿಕದ ತಾಯಿ-ಮಗಳಾದ ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಜನರನ್ನು ಹದಿನಾರು ಬಗೆಗಳಾಗಿ ವಿಂಗಡಿಸುವ ಪ್ರಶ್ನಾವಳಿಯನ್ನು ರೂಪಿಸಿದರು.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಗ್ರಹಿಕೆಯ ಈ ಭೇದ ಎದ್ದು ಕಾಣುವುದು ಕಾಫಿಯ ಮೊಗ್ಗುಗಳನ್ನು ಅರಳಿಸುವ ಹೂಮಳೆಯ ಕಾಲದಲ್ಲಿ. ಚಿಕ್ಕಪ್ಪ ಮಳೆಮಾಪಕದ ಅಳತೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಭಾಗ) ಬರೆದಿಟ್ಟು, ರೆಂಬೆ ಬಗ್ಗಿಸಿ ಮೊಗ್ಗನ್ನು ನೋಡಿದ ಮೇಲೆಯೇ ಮಾತನಾಡುವವರು. ಅಪ್ಪನಾದರೋ ಮೋಡ ಕಂಡೊಡನೆ ಮುಂದಿನ ಫಸಲು, ಬ್ಯಾಂಕಿನ ಸಾಲ, ಆಳುಗಳ ಕೂಲಿಯವರೆಗೂ ಯೋಚಿಸಿಬಿಡುವವರು. ರೊಬಸ್ಟಾ ತಳಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕೇ, ಮಳೆಗೆ ಕಾಯಬೇಕೇ ಎಂಬ ಚರ್ಚೆಯಲ್ಲಿ, "ಅಣ್ಣಾ, ಮೊದಲು ಕೆರೆಯ ನೀರೆಷ್ಟಿದೆ ನೋಡಿ" ಎಂದು ಚಿಕ್ಕಪ್ಪ ಹೇಳಿದರೆ, ತಮ್ಮನಿಗೆ ತನ್ನ ಮೇಲೆ ನಂಬಿಕೆಯಿಲ್ಲವೆಂದು ಅಪ್ಪ ಮುನಿಸಿಕೊಳ್ಳುತ್ತಾರೆ.

ಆದರೂ ಇವರಿಬ್ಬರನ್ನು ಎರಡು ಖಾನೆಗಳಲ್ಲಿ ಕೂರಿಸಲು ನಾನೊಪ್ಪೆ. ಆ ಪ್ರಶ್ನಾವಳಿಯಲ್ಲಿ ಬಹುಪಾಲು ಜನರ ಅಂಕಗಳು ತುದಿಗಳಿಗಿಂತ ನಡುವಿನ ಆಸುಪಾಸಿನಲ್ಲೇ ಇರುವುದರಿಂದ, ಕೆಲವೇ ವಾರಗಳ ನಂತರ ಮತ್ತೆ ಉತ್ತರಿಸಿದವರಲ್ಲಿ ಅನೇಕರ ಬಗೆಯೇ ಬದಲಾಗುತ್ತದೆ. ಆದ್ದರಿಂದಲೇ ಸಂಶೋಧಕರು ಸ್ವಭಾವವನ್ನು ಪ್ರಮಾಣದಲ್ಲಿ ಅಳೆಯುವ ಐದು ಗುಣಗಳ ಮಾದರಿಯನ್ನು ಹೆಚ್ಚು ನೆಚ್ಚುತ್ತಾರೆ. ಲೆಕ್ಕಪುಸ್ತಕದ ಚಿಕ್ಕಪ್ಪನೇ ಮಗಳ ಮದುವೆಯ ಮಾತು ಬಂದಾಗ ಅಳತೆಗಳನ್ನೆಲ್ಲ ಬದಿಗಿಟ್ಟು, ಹುಡುಗನ ಮುಖ ನೋಡಿ ಒಪ್ಪಿಕೊಂಡರು.