ಷರಾ ಅಂಕಣದಲ್ಲಿ ಬರೆಯದೆ ಬಿಟ್ಟ ಮಾತು

ಮಂಗಳೂರಿನ ಹೊರವಲಯದ ಐದು ವರ್ಷದ ಹುಡುಗಿಯೊಬ್ಬಳನ್ನು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ ದಿನ, ಅಧ್ಯಕ್ಷರು "ಈ ಮಗುವನ್ನು ನೀವು ಮೊದಲು ನೋಡಿದ್ದು ಯಾವಾಗ?" ಎಂದು ಕೇಳಿದರು. "ಕಳೆದ ವಾರ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದ ಮೇಲೆ, ಮೇಡಂ" ಎಂದೆ. ಅವರು ಏನೂ ಹೇಳದೆ ಮೂರು ತಿಂಗಳ ಹಿಂದಿನ ಮನೆಭೇಟಿ ವಹಿಯನ್ನು ನನ್ನ ಕಡೆ ತಿರುಗಿಸಿದರು. ಹೆಸರಿನ ಕಾಗುಣಿತ ಬೇರೆಯಾಗಿತ್ತು, ಅಕ್ಷರ ಮಾತ್ರ ನನ್ನದೇ: "ಕೈಗೆ ಸಣ್ಣ ಗಾಯ, ಬಿದ್ದದ್ದು. ಮನೆಯ ವಾತಾವರಣ ತೃಪ್ತಿಕರ."

ಅಂದು ನಾನು ಕಂಡದ್ದು ಅದಲ್ಲ. ಮುಂಗೈಯ ಒಳಭಾಗದಲ್ಲಿ ಕಡಲೆಕಾಳಿನಷ್ಟು ಅಗಲದ, ಅಂಚು ಸ್ಪಷ್ಟವಿದ್ದ ಮೂರು ದುಂಡು ಗುರುತುಗಳಿದ್ದವು. ಏನಾಯಿತೆಂದು ಕೇಳಿದಾಗ ಮಗು "ಬೀಡಿ" ಎಂದಿತು. ತಾಯಿ ತಕ್ಷಣ "ಬಿದ್ದದ್ದು ಮೇಡಂ" ಎಂದರು. ಆಕೆ ಬೀಡಿ ಕಟ್ಟುವವರು, ಮಡಿಲಲ್ಲಿ ಎಲೆ ತುಂಬಿದ ಮೊರವಿತ್ತು. ಮಗು ಅದನ್ನೇ ಹೇಳುತ್ತಿದೆ ಎಂದುಕೊಂಡು ಆ ಒಂದು ಮಾತನ್ನು ಬರೆಯದೆ ಬಿಟ್ಟೆ. ಬೆಳಗಿನಿಂದ ತಲೆಯೆತ್ತದೆ ದುಡಿಯುವ ಹೆಂಗಸಿನ ಮನೆಯ ಬಗ್ಗೆ ಸಂಶಯವನ್ನು ಕಾಗದಕ್ಕೆ ಇಳಿಸಲು ಮನಸ್ಸೂ ಬರಲಿಲ್ಲ. ಸಮಿತಿಯ ಮುಂದೆ ಬರುವಷ್ಟರಲ್ಲಿ ಗುರುತುಗಳು ಏಳಾಗಿದ್ದವು. ಸುಟ್ಟ ಗಾಯಗಳೆಂದು ವೈದ್ಯರು ಬರೆದುಕೊಟ್ಟಿದ್ದರು.

ಅದೇ ಮಗು ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ "ಗೈರು", ಸಹಾಯವಾಣಿಯ ದಾಖಲೆಯಲ್ಲಿ "ನಿರ್ಲಕ್ಷ್ಯ", ನನ್ನ ವಹಿಯಲ್ಲಿ "ತೃಪ್ತಿಕರ". ಮಗುವಿನ ಹಿನ್ನೆಲೆ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿಯ ನಮೂನೆ 22 ಊಟ ಕೊಡದಿರುವುದನ್ನೂ ಹೊಡೆತವನ್ನೂ ಗಾಯವನ್ನೂ ಬೇರೆಬೇರೆಯಾಗಿಯೇ ಕೇಳುತ್ತದೆ. ಆದರೆ ಅದನ್ನು ತುಂಬುವುದು ಪ್ರಕರಣ ಸಮಿತಿಯ ಮುಂದೆ ಬಂದ ಮೇಲೆ. ಅದಕ್ಕೂ ಮೊದಲಿನ ನಮ್ಮ ವಹಿಗಳಲ್ಲಿರುವುದು "ಷರಾ" ಎಂಬ ಒಂದೇ ಅಂಕಣ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಉದ್ದೇಶಪೂರ್ವಕ ನಿರ್ಲಕ್ಷ್ಯವನ್ನು ಅಪರಾಧವೆನ್ನುತ್ತದೆ. ಒಂದು ದಿನದ ಕೆಲಸ ತಪ್ಪಿದರೆ ಒಲೆ ಉರಿಯದ ತಾಯಿ ಮಗುವಿನ ತಲೆ ಬಾಚದಿದ್ದರೂ, ಮನೆಯವನೊಬ್ಬ ಮಗುವನ್ನು ಸುಟ್ಟರೂ ನಾವು ಒಂದೇ ಪದ ಬರೆದರೆ, ಆಕೆಗೆ ಸಿಗಬೇಕಾದ ನೆರವೂ ಅವನ ಮೇಲಾಗಬೇಕಾದ ಕ್ರಮವೂ ತಪ್ಪುತ್ತವೆ.

ಎಲ್ಲರಿಗೂ ಒಂದೇ ಮಾದರಿಯ ವಹಿ ಬೇಕೆಂದು ಮೇಲಿನವರಿಗೆ ಎರಡು ಬಾರಿ ಬರೆದೆ. ಮುದ್ರಣಕ್ಕೆ ಅನುದಾನವಿಲ್ಲ ಎಂಬ ಉತ್ತರ ಬಂತು. ಹಾಗಾಗಿ ಅಡಿಪಟ್ಟಿ ಹಿಡಿದು ಷರಾ ಅಂಕಣವನ್ನು ನಾನೇ ನಾಲ್ಕು ಮಾಡಿಕೊಂಡಿದ್ದೇನೆ: ಕಣ್ಣಿಗೆ ಕಂಡದ್ದು, ಅಳತೆಯ ಸಹಿತ; ಮಗು ಹೇಳಿದ್ದು, ತುಳುವೋ ಬ್ಯಾರಿಯೋ, ಅದರದೇ ಮಾತಿನಲ್ಲಿ; ದೊಡ್ಡವರು ಹೇಳಿದ್ದು ಮತ್ತು ಆಗ ಎದುರಿಗೆ ಯಾರಿದ್ದರೆಂಬುದು; ಕೊನೆಯಲ್ಲಿ ನನ್ನ ಅಭಿಪ್ರಾಯ. ಮೊನ್ನೆ ಅಂಗನವಾಡಿ ಟೀಚರೊಬ್ಬರು ತಮ್ಮ ಪುಸ್ತಕವನ್ನೂ ತಂದು, ಇದಕ್ಕೂ ಗೆರೆ ಹಾಕಿಕೊಡಿ ಎಂದರು.