ಫ್ರಿಜ್ಜಿನ ರಟ್ಟಿನಿಂದ ಒಂದು ಗೂಡುದೀಪ

ದೀಪಾವಳಿಗೆ ಒಂದು ವಾರ ಇರುವಾಗ ಪುತ್ತೂರಿನ ನಮ್ಮ ಮನೆಗೆ ಹೊಸ ಫ್ರಿಜ್ ಬಂತು. ಫ್ರಿಜ್ ಅಡುಗೆಮನೆ ಸೇರಿತು, ಅದರ ರಟ್ಟಿನ ಡಬ್ಬ ಜಗಲಿಯಲ್ಲಿ ಉಳಿಯಿತು. ಗುಜರಿಗೆ ಕೊಡೋಣ ಅಂದರು ಅಮ್ಮ. ನಾನು ಸುಮ್ನೆ ಒಂದು ಮೂಲೆ ಕತ್ತರಿಸಿ ನೋಡಿದೆ. ಐದು ಪದರದ ಗಟ್ಟಿ ರಟ್ಟು. ಮೂರು ಚಪ್ಪಟೆ ಹಾಳೆ, ಅವುಗಳ ನಡುವೆ ಅಲೆ ಅಲೆಯಾಗಿ ಮಡಚಿದ ಎರಡು ಹಾಳೆ. ಎಲ್ಲ ಸೇರಿ ಸುಮಾರು 7 ಮಿಲಿಮೀಟರ್ ದಪ್ಪ. ತುಂಡನ್ನು ಕಿಟಕಿಗೆ ಹಿಡಿದರೆ ಅಲೆಗಳ ಸಣ್ಣ ಸಣ್ಣ ತೂತುಗಳಿಂದ ಬಿಸಿಲು ಸಾಲಾಗಿ ಬಂತು. ಈ ಸಲದ ಗೂಡುದೀಪ ಇದರಲ್ಲೇ ಆಗಬೇಕು ಅನ್ನಿಸಿತು.

ನಮ್ಮ ಕಡೆ ಗೂಡುದೀಪ ಇಲ್ಲದೆ ದೀಪಾವಳಿ ಇಲ್ಲ. ಅಪ್ಪ ಬಿದಿರು ಸೀಳಿ ಕಡ್ಡಿ ಮಾಡಿ, ದಾರ ಬಿಗಿದು, ಬಣ್ಣದ ಕಾಗದ ಅಂಟಿಸುತ್ತಿದ್ದರು. ಮೈದಾ ಅಂಟು ಕುದಿಸುವುದು ಅಮ್ಮನ ಕೆಲಸ. ಹುಳ ಹಿಡಿಯಬಾರದು ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಪ್ಪ ಹೋದ ಮೇಲೆ ಪೇಟೆಯಿಂದ ಪ್ಲಾಸ್ಟಿಕ್ಕಿನದು ತಂದು ತೂಗು ಹಾಕುತ್ತಿದ್ದೆವು. ಪ್ರತಿ ವರ್ಷ ಅದನ್ನು ನೋಡಿದಾಗ ನನಗೆ ಬೇಜಾರಾಗುತ್ತಿತ್ತು.

ಕೈವಾರದಲ್ಲಿ 20 ಸೆಂಟಿಮೀಟರ್ ಅಗಲದ ವೃತ್ತ ಎಳೆದೆ. ಅದರೊಳಗೆ 16 ಸೆಂಟಿಮೀಟರಿನದು ಇನ್ನೊಂದು. ಕತ್ತರಿಸಿದರೆ ದೊಡ್ಡ ಬಳೆಯಂಥ ಉಂಗುರ. ಅಂಥವನ್ನು ಒಂದರ ಮೇಲೊಂದು ಅಂಟಿಸಿದರೆ ಗೋಡೆ. ಕೇಳಲು ಸುಲಭ, ಆದರೆ ಕತ್ತರಿಸುವುದು ಕೈ ನೋವಿನ ಕೆಲಸ. ಕಟರ್ ಒತ್ತಿ ಒಂದೇ ಸಲಕ್ಕೆ ಎಳೆದರೆ ಅಲೆಗಳು ಜಜ್ಜಿ ಹೋಗಿ ತೂತು ಮುಚ್ಚುತ್ತದೆ. ಹಗುರವಾಗಿ ಮೂರು ಸಲ ಎಳೆಯಬೇಕು: ಮೊದಲು ಮೇಲಿನ ಹಾಳೆ, ಆಮೇಲೆ ನಡುವಿನದು, ಕೊನೆಗೆ ಕೆಳಗಿನದು. ಬ್ಲೇಡಿನ ತುದಿ ಮೊಂಡಾದ ಕೂಡಲೇ ಮುರಿದು ಹೊಸ ತುದಿ ತೆಗೆಯಬೇಕು. ಫೆವಿಕಾಲ್ ಚುಕ್ಕೆ ಚುಕ್ಕೆಯಾಗಿ ಇಟ್ಟರೆ ಸಾಕು. ಜಾಸ್ತಿ ಬಳಿದರೆ ರಟ್ಟು ನೀರು ಹೀರಿ ಡೊಂಕಾಗುತ್ತದೆ.

ಮೊದಲು 24 ಉಂಗುರಗಳ ಸಣ್ಣ ದೀಪ ಮಾಡಿದೆ. ಮೇಲೆ ಮಣೆ ಹೇರಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮರುದಿನ ಸಂಜೆ ಲೈಟ್ ಆರಿಸಿ ಬಲ್ಬ್ ಹಾಕಿದೆ. ಎದುರಿಗೆ ನಿಂತಾಗ ಜೇನುಗೂಡಿನಂತೆ ಹೊಳೆಯಿತು. ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟೆ, ಬೆಳಕೇ ಇಲ್ಲ! ಬರೀ ಕಪ್ಪು ಗೋಡೆ. ಎಲ್ಲ ಉಂಗುರಗಳ ಅಲೆಗಳೂ ಒಂದೇ ದಿಕ್ಕಿಗಿದ್ದವು. ಬೆಳಕು ಮುಂದೆ ಮತ್ತು ಹಿಂದೆ ಮಾತ್ರ ಹೊರಗೆ ಬರುತ್ತಿತ್ತು, ಎರಡೂ ಪಕ್ಕ ಕತ್ತಲು. ಎರಡು ದಿನದ ಕೆಲಸ ಹೀಗಾಯಿತಲ್ಲ ಎಂದು ನಿಜಕ್ಕೂ ಅಳು ಬಂತು.

ಅಮ್ಮ ಬಂದು ದೀಪದ ಸುತ್ತ ನೋಡಿ ಹೇಳಿದರು: "ನಿನ್ನಪ್ಪ ಪ್ರತಿ ಕಾಗದವನ್ನೂ ದೀಪಕ್ಕೆ ಹಿಡಿದು ನೋಡಿದ ಮೇಲೇ ಅಂಟಿಸುತ್ತಿದ್ದರು."

ಮತ್ತೆ ಶುರು ಮಾಡಿದೆ. ಈ ಸಲ 36 ಉಂಗುರ. ಪ್ರತಿಯೊಂದನ್ನೂ ಬಲ್ಬಿಗೆ ಹಿಡಿದು, ಅಲೆ ಯಾವ ಕಡೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಅಂಟಿಸುವಾಗ ಒಂದೊಂದನ್ನೂ ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿಸಿದೆ. ಅಲೆಗಳು ಉಂಗುರದ ಎರಡು ತುದಿಗೂ ತೆರೆದಿರುತ್ತವೆ ಅಲ್ವಾ, ಹಾಗಾಗಿ ಅರ್ಧ ಸುತ್ತು ತಿರುಗಿಸಿದರೆ ಸಾಕು. 12 ಉಂಗುರಕ್ಕೆ ಅದು ಮುಗಿಯುತ್ತದೆ. 36ಕ್ಕೆ ಮೂರು ಆವರ್ತನೆ.

ಅಂಟು ಒಣಗುವ ಹೊತ್ತಿಗೆ ಈ ರಟ್ಟಿನ ಕಥೆ ಓದುತ್ತಾ ಕುಳಿತೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅಲೆ ಮಡಿಕೆಯ ಕಾಗದವನ್ನು ಸರಕು ಸುತ್ತಲು ಬಳಸುವುದಕ್ಕೆ ಪೇಟೆಂಟ್ ಪಡೆದ. ಆಗ ಅದರಲ್ಲಿ ಸುತ್ತುತ್ತಿದ್ದದ್ದು ಬಾಟಲಿ, ಮತ್ತೆ ಲಾಟೀನಿನ ಗಾಜಿನ ಚಿಮಣಿ! ಅಮ್ಮನಿಗೆ ಓದಿ ಹೇಳಿದೆ. ಅಟ್ಟದಲ್ಲಿ ಇನ್ನೂ ಒಂದು ಚಿಮಣಿ ಇದೆ ಎಂದು ಹೋಗಿ ಹುಡುಕಿ ತಂದರು. ಒಂದು ಕಾಲದಲ್ಲಿ ದೀಪದ ಗಾಜು ಒಡೆಯದಂತೆ ಕಾಯುತ್ತಿದ್ದ ಕಾಗದ ನಮ್ಮ ಜಗಲಿಯಲ್ಲಿ ತಾನೇ ದೀಪವಾಗುತ್ತಿತ್ತು. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಬೆಂಕಿಯ ಭಯ ಅಮ್ಮನಿಗಿತ್ತು, ನನಗೂ ಇತ್ತು. ಹಳೆಯ 60 ವ್ಯಾಟಿನ ಬಲ್ಬ್ ರಟ್ಟಿನೊಳಗೆ ಹಾಕಲೇಬಾರದು, ಅದು ಕೈ ಸುಡುವಷ್ಟು ಕಾಯುತ್ತದೆ. 4 ವ್ಯಾಟಿನ ಹಳದಿ ಎಲ್‌ಇಡಿ ಹಾಕಿದೆ. ಅದರ ಬುಡವೂ ಸ್ವಲ್ಪ ಬಿಸಿಯಾಗುತ್ತದೆ. ಅದಕ್ಕೇ ತಳದಲ್ಲಿ ಗಾಳಿ ತೂತು ಕೊರೆದು ಮೇಲ್ಗಡೆ ತೆರೆದಿಟ್ಟೆ. ಮಳೆ, ಇಬ್ಬನಿ ತಾಗಿದರೆ ರಟ್ಟು ಮೆತ್ತಗಾಗುತ್ತದೆ. ಅಂಗಳದ ಬದಲು ಜಗಲಿಯ ಮಾಡಿನ ಕೆಳಗೇ ತೂಗು ಹಾಕಿದೆವು.

ನರಕ ಚತುರ್ದಶಿಯ ಬೆಳಿಗ್ಗೆ, ಎಣ್ಣೆ ಸ್ನಾನಕ್ಕೂ ಮೊದಲು, ಕತ್ತಲಲ್ಲೇ ಸ್ವಿಚ್ ಒತ್ತಿದೆ. ಇಡೀ ದೀಪ ಬೆಲ್ಲದ ಬಣ್ಣಕ್ಕೆ ತಿರುಗಿತು. ಅದರ ಮೇಲೆ ಮೂರು ಕಡೆ ಪ್ರಕಾಶಮಾನವಾದ ಸಣ್ಣ ಪಟ್ಟಿ. ನಾನು ನಡೆದಂತೆ ಆ ಪಟ್ಟಿಗಳೂ ನನ್ನ ಜೊತೆ ಒಂದೊಂದೇ ಉಂಗುರ ಮೇಲೆ ಹತ್ತಿದವು. ಹಿಂದಕ್ಕೆ ನಡೆದರೆ ಇಳಿದವು. ಇದು ನಾನು ಎಣಿಸಿದ್ದಲ್ಲ. ಅಕ್ಕನ ಮಗ ತಲೆಯಲ್ಲಿ ಎಣ್ಣೆ ಇಟ್ಟುಕೊಂಡೇ ದೀಪದ ಸುತ್ತ ಓಡಿದ. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದರು. ಸ್ನಾನದ ನೀರು ತಣ್ಣಗಾಯಿತು.

ಮೊದಲ ದೀಪವನ್ನು ಎಸೆಯಲು ಮನಸ್ಸು ಬರಲಿಲ್ಲ. ಅದು ಈಗ ಅಮ್ಮನ ಕೋಣೆಯ ಬಾಗಿಲ ಬಳಿ ಇದೆ. ಕತ್ತಲ ಪಕ್ಕ ಮಂಚದ ಕಡೆಗೆ, ಬೆಳಕಿನ ಪಕ್ಕ ಬಚ್ಚಲಿನ ದಾರಿಗೆ. ರಾತ್ರಿ ಎದ್ದರೆ ದಾರಿ ಕಾಣುತ್ತದೆ, ಮಲಗಿದಾಗ ಕಣ್ಣಿಗೆ ಚುಚ್ಚುವುದಿಲ್ಲ ಅನ್ನುತ್ತಾರೆ ಅಮ್ಮ.